ಎಇಎಂ ವೈಡ್‌ಬ್ಯಾಂಡ್ ಗೇಜ್: ಕಂದು ವೈರನ್ನು ಮರೆಯಬೇಡಿ

ನನ್ನ ಹಳೆಯ ಮಾರುತಿ ಎಸ್ಟೀಮ್‌ನ ಮೂಲ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ತೆಗೆದು, ನಾವೇ ತಿದ್ದಬಹುದಾದ ಸ್ಪೀಡುಯಿನೊ ಇಸಿಯು ಹಾಕಿಸಿದಾಗ, ಜೊತೆಗೇ ಗಾಳಿ-ಪೆಟ್ರೋಲ್ ಅನುಪಾತ ಎಷ್ಟೆಂದು ತೋರಿಸುವ ಎಇಎಂ ಕಂಪನಿಯ ಎಕ್ಸ್-ಸೀರೀಸ್ ವೈಡ್‌ಬ್ಯಾಂಡ್ ಗೇಜ್ (30-0300) ಕೂಡ ಹಾಕಿಸಿದೆ. ಹಲವು ಮಳೆಗಾಲ ಕಳೆದಿವೆ, ಶಿರಾಡಿ ಘಾಟಿಯನ್ನು ಎಷ್ಟೋ ಸಲ ಹತ್ತಿಳಿದಿದ್ದೇನೆ. ಸ್ವತಃ ಟ್ಯೂನಿಂಗ್ ಮಾಡುವವರಿಗೆ ಇದಕ್ಕಿಂತ ಉಪಯುಕ್ತವಾದ ಮೀಟರ್ ಇನ್ನೊಂದಿಲ್ಲ. ಕಾರಿನೊಂದಿಗೆ ಬರುವ ಮಾಮೂಲಿ ಆಕ್ಸಿಜನ್ ಸೆನ್ಸರ್, ಮಿಶ್ರಣ ರಿಚ್ (ಪೆಟ್ರೋಲ್ ಹೆಚ್ಚು) ಆಗಿದೆಯೋ ಲೀನ್ (ಪೆಟ್ರೋಲ್ ಕಡಿಮೆ) ಆಗಿದೆಯೋ ಎಂದಷ್ಟೇ ತಿಳಿಸುತ್ತದೆ. ಎಷ್ಟು ಎಂದು ಹೇಳುವುದಿಲ್ಲ. ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿದಾಗ ನಾನು ಬಯಸಿದ 12.8 (ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ 12.8 ಪಾಲು ಗಾಳಿ) ನಿಂತಿದೆಯೇ, ಲೀನ್ ಆಗಿ 14ರ ಕಡೆಗೆ ಜಾರುತ್ತಿದೆಯೇ ಎಂಬುದು ಎಂಜಿನ್ನಿನ ಆಯುಸ್ಸಿನ ಪ್ರಶ್ನೆ.

ಆದರೆ ಇದೆಲ್ಲ ವೈರಿಂಗ್ ಸರಿಯಿದ್ದರೆ ಮಾತ್ರ. ಮೊದಲು ಕೆಲಸ ಮಾಡಿದ ಗ್ಯಾರೇಜಿನವರು ಗೇಜಿನ ಕಪ್ಪು ವೈರನ್ನು ಸ್ಟೀರಿಯೊದ ಅರ್ತ್‌ಗೆ ಸೇರಿಸಿ, ಸಿಗ್ನಲ್‌ನ ಅರ್ತ್ ಆಗಬೇಕಾದ ಕಂದು ವೈರಿಗೆ ಟೇಪ್ ಸುತ್ತಿ ಡ್ಯಾಶ್‌ಬೋರ್ಡಿನ ಹಿಂದೆ ತುರುಕಿದ್ದರು. ಗೇಜ್ 14.7 ತೋರಿಸಿದರೆ ಇಸಿಯು ಓದಿದ್ದನ್ನು ತೋರಿಸುವ, ಲ್ಯಾಪ್‌ಟಾಪಿನ ಟ್ಯೂನರ್‌ಸ್ಟುಡಿಯೊ ಸಾಫ್ಟ್‌ವೇರ್‌ನಲ್ಲಿ 15.2. ಬ್ಲೋವರ್ ಹಾಕಿದೊಡನೆ ಲ್ಯಾಪ್‌ಟಾಪಿನ ಅಂಕಿ ಇನ್ನಷ್ಟು ಏರುತ್ತಿತ್ತು, ಗೇಜ್ ಮಾತ್ರ ಕದಲುತ್ತಿರಲಿಲ್ಲ. ಮಿಶ್ರಣ ಬದಲಾಗಿಲ್ಲ, ಅರ್ತ್ ಬದಲಾಗುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಈ ವೈರಿಂಗ್‌ನಲ್ಲಿ ಗೇಜ್ ಇಸಿಯುವಿಗೆ ಕಳುಹಿಸುವುದು ವೋಲ್ಟೇಜ್ ಮಾತ್ರ. ಅದನ್ನು 2.375ರಿಂದ ಗುಣಿಸಿ 7.3125 ಕೂಡಿದರೆ ಅನುಪಾತ ಸಿಗುತ್ತದೆ. ಹಾಗಾಗಿ ಎರಡು ಅರ್ತ್‌ಗಳ ನಡುವೆ 0.2 ವೋಲ್ಟ್ ಅಂತರವಿದ್ದರೂ ಲೆಕ್ಕ ಸುಮಾರು ಅರ್ಧ ಪಾಯಿಂಟ್ ತಪ್ಪುತ್ತದೆ. ಆ ತಪ್ಪು ಅಂಕಿಯನ್ನು ನಂಬಿ ಆಟೊಟ್ಯೂನ್‌ಗೆ (ಸಾಫ್ಟ್‌ವೇರ್ ತಾನೇ ಟ್ಯೂನ್ ಮಾಡುವುದಕ್ಕೆ) ಬಿಟ್ಟುಕೊಟ್ಟರೆ ಅದು ಸುಮ್ಮನೆ ಪೆಟ್ರೋಲ್ ಸುರಿಯುತ್ತಾ ಹೋಗುತ್ತದೆ. ಸೆನ್ಸರ್‌ನ ಹೀಟರ್ ಎಳೆಯುವ ಕರೆಂಟ್ ಹಿಂದಿರುಗುವುದೂ ಕಪ್ಪು ವೈರಿನಲ್ಲೇ ಆದ್ದರಿಂದ ಅದಕ್ಕೆ ಗಟ್ಟಿ ಅರ್ತ್ ಬೇಕು. ಈಗ ಕಪ್ಪು ವೈರ್ ಎಂಜಿನ್ ಬ್ಲಾಕಿಗೆ ಹೋಗಿದೆ; ಬಿಳಿ ವೈರ್ ಇಸಿಯುವಿನ ಇನ್‌ಪುಟ್‌ಗೆ, ಕಂದು ವೈರ್ ಇಸಿಯುವಿನ ಸೆನ್ಸರ್ ಅರ್ತ್‌ಗೆ. ಕೆಂಪು ವೈರಿಗೆ ಇಗ್ನಿಷನ್ ಆನ್ ಆದಾಗ ಮಾತ್ರ ಬರುವ 12 ವೋಲ್ಟ್, ನಡುವೆ 10 ಆಂಪಿಯರ್ ಫ್ಯೂಸ್. ಅಂದಿನಿಂದ ಬ್ಲೋವರ್ ಹಾಕಿದರೂ ಹೆಡ್‌ಲೈಟ್ ಹಾಕಿದರೂ ಎರಡೂ ಕಡೆ ಒಂದೇ ಅಂಕಿ.

ಸೆನ್ಸರ್ ಬಾಷ್ ಕಂಪನಿಯ ಎಲ್‌ಎಸ್‌ಯು 4.9. ಎಕ್ಸಾಸ್ಟ್ ಪೈಪಿನಲ್ಲಿ ಇದನ್ನು ಅಡ್ಡಕ್ಕಿಂತ ಕನಿಷ್ಠ 10 ಡಿಗ್ರಿ ಮೇಲಕ್ಕೆ ವಾಲಿಸಿ ಕೂರಿಸಬೇಕು. ಪೈಪಿನೊಳಗೆ ತಂಗಿದ ನೀರು ಕಾದ ಸೆರಾಮಿಕ್ಕಿಗೆ ತಗಲಿದರೆ ಅದು ಬಿರಿಯುತ್ತದೆ. ವೈರ್ ಸಾಲದೆಂದು ಕತ್ತರಿಸಿ ಕನೆಕ್ಟರ್ ಬದಲಿಸಲು ಹೊರಟವರನ್ನು ದಯವಿಟ್ಟು ತಡೆಯಿರಿ: ಆ ಸೆನ್ಸರ್‌ನ ಅಳತೆ ಹೊಂದಿಸುವ ರೆಸಿಸ್ಟರ್ ಇರುವುದು ಕನೆಕ್ಟರಿನೊಳಗೇ. ಗೇಜ್ ಕೆಟ್ಟರೆ ಸೆನ್ಸರನ್ನೂ ಬಿಚ್ಚಿಡಿ. ಹೀಟರ್ ಬಿಸಿ ಮಾಡದ ಸೆನ್ಸರ್ ಹೊಗೆಯಲ್ಲಿದ್ದರೆ ಮಸಿ ಹಿಡಿದು ಹಾಳಾಗುತ್ತದೆ.

ಇನ್ನೊಂದು ಮಾತು, ಬಂಕ್‌ಗಳಲ್ಲಿ ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್ ಬಂದಾಗಿನಿಂದ ಹಲವರು ನನ್ನನ್ನು ಕೇಳುತ್ತಿರುವುದು. ಆ ಪೆಟ್ರೋಲಿಗೆ ಸರಿಯಾದ (ಗಾಳಿ, ಪೆಟ್ರೋಲ್ ಎರಡೂ ಉಳಿಯದಂತೆ ಉರಿಯುವ) ಅನುಪಾತ 14.7 ಅಲ್ಲ, ಸುಮಾರು 13.5. ಹಾಗೆಂದು ಗೇಜ್‌ನಲ್ಲಿ 13.5 ಬರುವಂತೆ ಟ್ಯೂನ್ ಮಾಡಿದರೆ ಎಂಜಿನ್ ರಿಚ್ ಆಗಿ ಓಡುತ್ತದೆ. ಸೆನ್ಸರ್ ಅಳೆಯುವುದು ಲ್ಯಾಂಬ್ಡಾ, ಅಂದರೆ ಸರಿಯಾದ ಅನುಪಾತವನ್ನು 1 ಎಂದಿಟ್ಟುಕೊಂಡರೆ ಈಗಿನ ಅನುಪಾತ ಅದರ ಎಷ್ಟು ಪಾಲು ಎಂಬುದು. ಗೇಜ್ ಅದನ್ನು 14.7ರಿಂದ ಗುಣಿಸಿ ತೋರಿಸುತ್ತದೆ, ಅಷ್ಟೇ. ಯಾವ ಪೆಟ್ರೋಲ್ ತುಂಬಿಸಿದರೂ ಸರಿಯಾದ ಮಿಶ್ರಣಕ್ಕೆ ಅಲ್ಲಿ ಕಾಣುವುದು 14.7. ನಾನು ಗೇಜನ್ನು ಲ್ಯಾಂಬ್ಡಾಕ್ಕೇ ಬದಲಿಸಿಕೊಂಡಿದ್ದೇನೆ. 1.00 ಎಂದರೆ ಸರಿ, 0.87 ಎಂದರೆ ಏರಿಗೆ ಸಾಕಷ್ಟು ರಿಚ್, ಗೊಂದಲವೇ ಇಲ್ಲ.

ಕಂಪನಿಯ ಇಸಿಯುವನ್ನೇ ಉಳಿಸಿಕೊಂಡವರು ಇದಕ್ಕೆ ಹಣ ಹಾಕುವುದು ಬೇಡ. ಅಂಕಿ ಕಂಡರೂ ಅದನ್ನು ತಿದ್ದುವ ದಾರಿ ನಿಮ್ಮ ಕೈಯಲ್ಲಿಲ್ಲ. ನಿಮ್ಮ ಕಾರಿನಲ್ಲಿ ಒಬಿಡಿ ಪೋರ್ಟ್ (ದೋಷ ತಪಾಸಣೆಯ ಸಾಕೆಟ್) ಇದ್ದರೆ ಒಂದು ಅಗ್ಗದ ಸ್ಕ್ಯಾನರ್ ಕೊಂಡು ಫ್ಯುಯಲ್ ಟ್ರಿಮ್ (ಇಸಿಯು ತಾನೇ ಪೆಟ್ರೋಲನ್ನು ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಎಂಬ ಅಂಕಿ) ನೋಡಿಕೊಳ್ಳಿ.