ಇಥ್0 ಬಿಟ್ಟು ಸ್ಥಿರ ಹೆಸರಿಗೆ: ಉದ್ಯಮಬಾಗದಂಥ ಕಡೆಯ ಸರ್ವರ್‌ಗಳಿಗೆ ಸಿಸ್ಟಮ್‌ಡಿ ವ್ಯವಸ್ಥೆ ಹೇಗಿದೆ?

ಬೆಳಗಾವಿಯ ಉದ್ಯಮಬಾಗ, ಮಚ್ಛೆ ಕಡೆಯ ಮಷಿನ್ ಶಾಪ್‌ಗಳಂಥ ಸಣ್ಣ ಆಫೀಸುಗಳಲ್ಲಿ ಇಂಟರ್ನೆಟ್ ಹಂಚಿಕೆ, ಫೈರ್‌ವಾಲ್, ಡಿಎಚ್‌ಸಿಪಿ (ಕಂಪ್ಯೂಟರ್‌ಗಳಿಗೆ ಐಪಿ ವಿಳಾಸ ಹಂಚುವ ಸೇವೆ) ಮೂರನ್ನೂ ಒಂದೇ ಡೆಬಿಯನ್ ಸರ್ವರ್ ಹೊತ್ತಿರುವುದುಂಟು. ಅದರಲ್ಲಿ ಎರಡು ಮೂರು ನೆಟ್‌ವರ್ಕ್ ಕಾರ್ಡ್ ಇರಲೇಬೇಕು. ಲಿನಕ್ಸ್‌ನ ತಿರುಳಾದ ಕರ್ನಲ್ ಮಾತ್ರ ಕಾರ್ಡ್ ಪತ್ತೆಯಾದ ಸರದಿಯಲ್ಲೇ ಇಥ್0, ಇಥ್1 ಎಂದು ಹೆಸರಿಡುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ರೀಬೂಟ್ ಆದಾಗ ಆ ಸರದಿ ತಪ್ಪಿದರೆ ಒಳಗಿನ ಜಾಲದ ಸೆಟ್ಟಿಂಗ್ ಹೊರಗಿನ ಕೇಬಲ್‌ಗೆ ಕೂಡುತ್ತದೆ. ಇದಕ್ಕೆ ಪರಿಹಾರವಾಗಿ 2013ರಲ್ಲಿ ಸಿಸ್ಟಮ್‌ಡಿಯ (ಲಿನಕ್ಸ್ ಶುರುವಾಗುವಾಗ ಸೇವೆಗಳನ್ನು ನಡೆಸುವ ತಂತ್ರಾಂಶ) 197ನೇ ಆವೃತ್ತಿ ಸ್ಥಿರ ಹೆಸರುಗಳನ್ನು ತಂದಿತು.

ಮದರ್‌ಬೋರ್ಡಿನ ಪೋರ್ಟ್ ಇಎನ್‌ಒ1 ಆಗುತ್ತದೆ, ಸ್ಲಾಟ್‌ಗೆ ಸಿಕ್ಕಿಸುವ ಪಿಸಿಐ ಕಾರ್ಡ್ ತನ್ನ ಜಾಗಕ್ಕೆ ತಕ್ಕಂತೆ ಇಎನ್‌ಪಿ3ಎಸ್0 ಆಗುತ್ತದೆ. ಮೊದಲನೆಯದು ಗಟ್ಟಿ. ಎರಡನೆಯದನ್ನು ಪೂರ್ತಿ ನಂಬಬೇಡಿ: ಇಲ್ಲಿನ 3 ಎಂಬುದು ಕಾರ್ಡ್ ಕೂಡಿರುವ ಒಳದಾರಿಯ, ಅಂದರೆ ಬಸ್‌ನ ಸಂಖ್ಯೆ. ಹೊಸದಾಗಿ ಅದೇ ಪಿಸಿಐ ದಾರಿಗೆ ಕೂಡುವ ಒಂದು ಎನ್‌ವಿಎಂಇ ಡಿಸ್ಕ್ ಹಾಕಿದರೂ ಬಸ್ ಎಣಿಕೆ ಸರಿದು ಅದೇ ಕಾರ್ಡ್ ಇಎನ್‌ಪಿ4ಎಸ್0 ಆಗಬಹುದು.

ಆದ್ದರಿಂದ ನಮ್ಮ ಶಿಫಾರಸು, ಸಿಸ್ಟಮ್‌ಡಿ ತಾನಾಗಿ ಕೊಡುವ ಹೆಸರಲ್ಲ. ನಮಗೆ ಬೇಕಾದ ಹೆಸರಿಡಲು ಅದು ಕೊಡುವ ಡಾಟ್ ಲಿಂಕ್ ಫೈಲಿನ ಸೌಲಭ್ಯ. /ಇಟಿಸಿ/ಸಿಸ್ಟಮ್‌ಡಿ/ನೆಟ್‌ವರ್ಕ್ ಒಳಗೆ ಪ್ರತಿ ಕಾರ್ಡಿಗೂ ಹೆಸರು 10ರಿಂದ ಶುರುವಾಗಿ ಡಾಟ್ ಲಿಂಕ್‌ನಲ್ಲಿ ಮುಗಿಯುವ ಒಂದು ಫೈಲ್ ಮಾಡಿ. ಮ್ಯಾಚ್ ವಿಭಾಗದಲ್ಲಿ ಪರ್ಮನೆಂಟ್‌ಮ್ಯಾಕ್‌ಅಡ್ರೆಸ್ (ತಯಾರಕರು ಕಾರ್ಡಿಗೆ ಕೊಟ್ಟ ಗುರುತಿನ ವಿಳಾಸ), ಲಿಂಕ್ ವಿಭಾಗದಲ್ಲಿ ನೇಮ್ (ಇಡುವ ಹೆಸರು): ಇಷ್ಟು ಸಾಕು. ಬರೀ ಮ್ಯಾಕ್‌ಅಡ್ರೆಸ್ ಎಂದು ಬರೆದರೆ ಅದೇ ವಿಳಾಸ ಹೊತ್ತ ವಿಲ್ಯಾನ್ (ಒಂದೇ ಕಾರ್ಡಿನ ಮೇಲೆ ಬೇರ್ಪಡಿಸಿದ ಜಾಲ), ಬ್ರಿಡ್ಜ್ (ಜಾಲಗಳನ್ನು ಕೂಡಿಸುವ ಇಂಟರ್‌ಫೇಸ್) ಇವುಗಳಿಗೂ ಆ ನಿಯಮ ತಾಗಿ ಗೊಂದಲವಾಗುತ್ತದೆ. ಹೆಸರು ‘ಒಳಗೆ0’, ‘ಹೊರಗೆ0’ ಎಂಬರ್ಥದ, 15 ಅಕ್ಷರ ಮೀರದ ಇಂಗ್ಲಿಷ್ ಪದವಿರಲಿ. ಇಥ್ ಎಂದು ಮಾತ್ರ ಇಡಬೇಡಿ, ಕರ್ನಲ್ ಕೂಡ ಅದೇ ಹೆಸರಿಗೆ ಕೈ ಹಾಕುತ್ತದೆ.

ಯುಎಸ್‌ಬಿ ನೆಟ್‌ವರ್ಕ್ ಅಡಾಪ್ಟರ್‌ಗೆ ಇದು ಇನ್ನೂ ಅಗತ್ಯ. ಅದರ ಹೆಸರು ಇಎನ್‌ಎಕ್ಸ್ ಎಂಬ ಮೂರು ಅಕ್ಷರದ ನಂತರ 12 ಅಕ್ಷರದ ಮ್ಯಾಕ್ ಸೇರಿ ಸರಿಯಾಗಿ 15 ಆಗಿಬಿಡುತ್ತದೆ, ವಿಲ್ಯಾನ್‌ಗೆ ಅದರ ಸಂಖ್ಯೆ ‘.10’ ಸೇರಿಸಲು ಜಾಗವೇ ಉಳಿಯುವುದಿಲ್ಲ.

ಹಳೆಯ ಸರ್ವರ್ ಆದರೆ ಸಾಧನಗಳನ್ನು ಗುರುತಿಸುವ ಯುಡೆವ್‌ನ ನಿಯಮಗಳ ಫೋಲ್ಡರಿನಲ್ಲಿ ಹಿಂದಿನ ಹೆಸರುಗಳನ್ನು ಹಿಡಿದಿಟ್ಟ 70-ಪರ್ಸಿಸ್ಟೆಂಟ್-ನೆಟ್ ಫೈಲ್ ಉಳಿದಿರುತ್ತದೆ. ಡೆಬಿಯನ್ 10ರಿಂದ ಅದಕ್ಕೆ ಅಧಿಕೃತ ಬೆಂಬಲವಿಲ್ಲ. ಅದರ ಹೆಸರು ಬದಲಿಸಿ ಬದಿಗಿಡಿ. ಆಮೇಲೆ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು ಓಡಿಸಲೇಬೇಕು. ಹೆಸರಿಡುವ ಕೆಲಸ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಶುರುವಿನಲ್ಲಿ ಬಳಕೆಯಾಗುವ ತಾತ್ಕಾಲಿಕ ಫೈಲ್ ವ್ಯವಸ್ಥೆ) ಒಳಗೇ ಮುಗಿಯುವುದರಿಂದ, ಇದನ್ನು ಬಿಟ್ಟರೆ ರೀಬೂಟ್ ಆದ ಮೇಲೂ ಹಳೆಯ ಹೆಸರೇ ಕಾಣುತ್ತದೆ.

ನಿಜವಾದ ಅಪಾಯ ಫೈರ್‌ವಾಲ್‌ನಲ್ಲಿದೆ. ಫೈರ್‌ವಾಲ್ ನಿಯಮ ಹಾಕುವ ಐಪಿಟೇಬಲ್ಸ್‌ಗೆ ಇಂಟರ್‌ಫೇಸ್ (ನೆಟ್‌ವರ್ಕ್ ಕಾರ್ಡ್) ಹೆಸರು ಬರೀ ಅಕ್ಷರಗಳು. ಇಥ್0 ಇಲ್ಲದಿದ್ದರೂ ನಿಯಮ ತಕರಾರಿಲ್ಲದೆ ಲೋಡ್ ಆಗುತ್ತದೆ, ಯಾವ ಪ್ಯಾಕೆಟ್‌ಗೂ ತಾಗುವುದಿಲ್ಲ. ಯಾವ ನಿಯಮವೂ ತಾಗದ ಪ್ಯಾಕೆಟ್‌ಗೆ ಅನ್ವಯಿಸುವ ಮೂಲ ಪಾಲಿಸಿ ಡ್ರಾಪ್ (ತಡೆ) ಇದ್ದರೆ ಎಲ್ಲರ ಸಂಪರ್ಕ ಕಡಿಯುತ್ತದೆ, ಅದು ತಕ್ಷಣ ಗೊತ್ತಾಗುತ್ತದೆ. ಪಾಲಿಸಿ ಅಕ್ಸೆಪ್ಟ್ (ಒಳಬಿಡು) ಇದ್ದು ತಡೆಯುವ ನಿಯಮ ಮಾತ್ರ ಇಥ್0 ಮೇಲಿದ್ದರೆ ಸರ್ವರ್ ಬಾಗಿಲು ತೆರೆದೇ ನಿಂತಿರುತ್ತದೆ, ಒಂದೂ ದೂರು ಬರುವುದಿಲ್ಲ. ಐಪಿಟೇಬಲ್ಸ್‌ನ ಹೊಸ ಬದಲಿಯಾದ ಎನ್‌ಎಫ್‌ಟೇಬಲ್ಸ್‌ನಲ್ಲಿ ಇಂಟರ್‌ಫೇಸ್ ಸೂಚಿಸಲು ಐಐಎಫ್ ಬಳಸಿದ್ದರೆ ಆ ಇಂಟರ್‌ಫೇಸ್ ಇಲ್ಲದಾಗ ಲೋಡ್ ಆಗುವಾಗಲೇ ದೋಷ ತೋರಿಸುತ್ತದೆ. ಬರೀ ಹೆಸರನ್ನು ಹೋಲಿಸುವ ಐಐಎಫ್‌ನೇಮ್ ಬಳಸಿದ್ದರೆ ಅದೂ ಸುಮ್ಮನಿರುತ್ತದೆ. ಹಾಗಾಗಿ ರೀಬೂಟ್‌ಗೆ ಮುಂಚೆ ಸೆಟ್ಟಿಂಗ್‌ಗಳಿರುವ /ಇಟಿಸಿ ಪೂರ್ತಿ ಇಥ್ ಎಂಬ ಪದವನ್ನು ಗ್ರೆಪ್ ಆಜ್ಞೆಯಿಂದ ಹುಡುಕಿ. ಡಿಎಚ್‌ಸಿಪಿಯ ಇಂಟರ್‌ಫೇಸಸ್‌ವಿ4 ಸಾಲು, ಸಿಸ್‌ಸಿಟಿಎಲ್ (ಕರ್ನಲ್ ಸೆಟ್ಟಿಂಗ್), ಕೀಪ್‌ಅಲೈವ್‌ಡಿ (ಒಂದು ಸರ್ವರ್ ಕೈಕೊಟ್ಟರೆ ಐಪಿಯನ್ನು ಇನ್ನೊಂದಕ್ಕೆ ಕೊಡುವ ಸೇವೆ), ಬ್ಯಾಕಪ್ ಸ್ಕ್ರಿಪ್ಟ್ ಯಾವುದನ್ನೂ ಬಿಡಬೇಡಿ.

ಮೊದಲ ರೀಬೂಟ್‌ಗೆ ಮಾನಿಟರ್, ಕೀಬೋರ್ಡ್ ಇಟ್ಟುಕೊಂಡು ಎದುರಿಗೇ ಇರುವುದು ಉತ್ತಮ. ಖಾನಾಪುರದ ಶಾಖೆಯ ಸರ್ವರನ್ನು ಬೆಳಗಾವಿಯಿಂದಲೇ ಬದಲಿಸಬೇಕಾಗಿದ್ದರೆ ಐಪಿ ಸೆಟ್ಟಿಂಗ್ ಇರುವ ಇಂಟರ್‌ಫೇಸಸ್ ಫೈಲಿನಲ್ಲಿ ಹಳೆಯ, ಹೊಸ ಎರಡೂ ಹೆಸರಿಗೆ ಅದೇ ಐಪಿ ಬರೆದು, ಆಟೋ ಬದಲು, ಆ ಹೆಸರಿನ ಕಾರ್ಡ್ ಕಂಡಾಗ ಮಾತ್ರ ಎಬ್ಬಿಸುವ ಅಲೌ-ಹಾಟ್‌ಪ್ಲಗ್ ಹಾಕಿ. ಯಾವ ಹೆಸರು ಬಂದರೂ ಜಾಲ ಏಳುತ್ತದೆ. ಫೈರ್‌ವಾಲ್‌ನಲ್ಲೂ ಎರಡೂ ಹೆಸರಿಗೆ ನಿಯಮವಿರಲಿ, ಕೆಲಸ ಖಚಿತವಾದ ಮೇಲೆ ಹಳೆಯದನ್ನು ಅಳಿಸಿ.

ಎರಡು ಅಥವಾ ಹೆಚ್ಚು ಕಾರ್ಡಿರುವ ಯಾವ ಸರ್ವರ್‌ಗಾದರೂ ಈ ಬದಲಾವಣೆ ಬೇಕೇ ಬೇಕು. ಒಂದೇ ಕಾರ್ಡಿನ ವರ್ಚುವಲ್ ಮಷಿನ್‌ಗೆ ಬೂಟ್ ಆಗುವಾಗಿನ ಕರ್ನಲ್ ಸಾಲಿನಲ್ಲಿ, ಸ್ಥಿರ ಹೆಸರು ನಿಲ್ಲಿಸುವ ನೆಟ್.ಐಎಫ್‌ನೇಮ್ಸ್=0 ಹಾಕಿ ಇಥ್0 ಉಳಿಸಿಕೊಂಡರೂ ನಷ್ಟವಿಲ್ಲ. ಹಳೆಯ ಕ್ಯಾಡ್ ಲೈಸೆನ್ಸ್ ತಂತ್ರಾಂಶಗಳಲ್ಲಿ ಕೆಲವು ಇಥ್0ರ ಮ್ಯಾಕ್ ವಿಳಾಸವನ್ನೇ ಹುಡುಕುತ್ತವೆ. ಅಂಥ ಮಷಿನ್ ಇದ್ದರೆ ಲೈಸೆನ್ಸ್ ಕೊಟ್ಟವರನ್ನು ಕೇಳುವವರೆಗೆ ಅದನ್ನು ಮುಟ್ಟಬೇಡಿ.