‘ಸೀಲ್ ಒಡೆದಿಲ್ಲ, ಕೊನೆಯ ಪೀಸ್’ ಅನ್ನುವ ಹಳೇ ಗೇಮ್ ಕನ್ಸೋಲ್‌ಗೆ ದುಡ್ಡು ಕೊಡುವ ಮುಂಚೆ ಇದನ್ನು ಓದಿ

ನಿಂಟೆಂಡೊ ಕಂಪನಿ ತನ್ನ ಹಳೇ ಟಿವಿ ಗೇಮ್‌ಗಳನ್ನು ಪುಟ್ಟದಾಗಿಸಿ ಮತ್ತೆ ಬಿಟ್ಟ ಎನ್‌ಇಎಸ್ ಕ್ಲಾಸಿಕ್ ಆಗಲಿ, ಎಸ್‌ಎನ್‌ಇಎಸ್ ಕ್ಲಾಸಿಕ್ ಆಗಲಿ, ಯಾರಾದರೂ ‘ಹೊಸಾ ಪೀಸ್, ಸೀಲ್ ಹಾಗೇ ಇದೆ, ಇದೊಂದೇ ಉಳಿದಿರೋದು’ ಅಂತ ಫೋಟೋ ಕಳಿಸಿದರೆ ದಯವಿಟ್ಟು ಅವಸರ ಮಾಡಬೇಡಿ. ನನಗೆ ಇದರಲ್ಲಿ ಚೆನ್ನಾಗಿ ಮೋಸ ಆಗಿದೆ. ಈಗ ಊರಿನ ಹುಡುಗರು ಅಮೆರಿಕದಲ್ಲಿರುವ ಅಕ್ಕ, ಭಾವ, ಮಾವನ ಮಗ ಅಂತ ಎಲ್ಲರಿಗೂ ‘ಬರುವಾಗ ಒಂದು ತಗೊಂಡು ಬನ್ನಿ’ ಅಂತ ಹೇಳುತ್ತಿದ್ದಾರೆ. ಅದನ್ನು ನೋಡಿಯೇ ಇದನ್ನು ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ನಿಂಟೆಂಡೊ 2016ರ ನವೆಂಬರ್‌ನಲ್ಲಿ ತನ್ನ ಎಂಬತ್ತರ ದಶಕದ ಎನ್‌ಇಎಸ್ ಕನ್ಸೋಲನ್ನು ಅಂಗೈಯಗಲ ಮಾಡಿ ‘ಎನ್‌ಇಎಸ್ ಕ್ಲಾಸಿಕ್’ ಅಂತ ಮತ್ತೆ ಬಿಟ್ಟಿತು. ಒಳಗೆ 30 ಆಟ, ಬೆಲೆ 60 ಡಾಲರ್. ಆಗ ನಾನು ನ್ಯೂಜೆರ್ಸಿಯಲ್ಲಿದ್ದೆ. ಅಂಗಡಿಗಳಿಗೆ ಬರುತ್ತಿದ್ದದ್ದು ಬೆರಳೆಣಿಕೆಯಷ್ಟು ಪೀಸ್, ಹೊರಗೆ ಚಳಿಯಲ್ಲಿ ಅದಕ್ಕಿಂತ ಉದ್ದದ ಸಾಲು. ಆನ್‌ಲೈನ್‌ನಲ್ಲಿ ನೋಡಿದರೆ ಕೆಲವೇ ನಿಮಿಷದಲ್ಲಿ ಖಾಲಿ. ನಾವು ವಿಳಾಸ ಟೈಪ್ ಮಾಡುವಷ್ಟರಲ್ಲಿ ಬಾಟ್ (ತಾನಾಗಿಯೇ ಆರ್ಡರ್ ಹಾಕುವ ಸಾಫ್ಟ್‌ವೇರ್) ಹಾಕಿಕೊಂಡವರು ಬಾಚಿಕೊಂಡು ಹೋಗಿರುತ್ತಿದ್ದರು. ಅದೇ ಡಬ್ಬಿ ಅವತ್ತೇ ಮರುಮಾರಾಟದ ಸೈಟ್‌ಗಳಲ್ಲಿ 200 ಡಾಲರ್, ಕೆಲವು ಕಡೆ ಇನ್ನೂ ಜಾಸ್ತಿ. ಆಮೇಲೆ 2017ರ ಏಪ್ರಿಲ್‌ನಲ್ಲಿ, ಸುಮಾರು 23 ಲಕ್ಷ ಪೀಸ್ ಮಾರಿದ ಮೇಲೆ, ತಯಾರಿಕೆಯನ್ನೇ ನಿಲ್ಲಿಸಿಬಿಟ್ಟರು. ಇನ್ನು ಸಿಗುವುದೇ ಇಲ್ಲ ಅಂತ ಆದಾಗ ಜನ ಎಷ್ಟಾದರೂ ಕೊಡಲು ತಯಾರಾಗಿಬಿಡುತ್ತಾರೆ. ನಕಲಿ ಮಾಲು ನುಗ್ಗಿದ್ದು ಇದೇ ಸಂದಿಯಲ್ಲಿ.

ನಾನು ಅದನ್ನು ದಾವಣಗೆರೆಯಲ್ಲಿರುವ ನಮ್ಮಣ್ಣನಿಗೆ ಕೊಡಬೇಕು ಅಂದುಕೊಂಡಿದ್ದೆ. ದೊಡ್ಡದೊಂದು ಆನ್‌ಲೈನ್ ಅಂಗಡಿಯಲ್ಲಿ ಹೊರಗಿನ ಮಾರಾಟಗಾರನೊಬ್ಬನ ಹತ್ತಿರ ಸಿಕ್ಕಿತು, ಬೆಲೆ ಹತ್ತಿರ ಹತ್ತಿರ ಮೂರು ಪಟ್ಟು. ಫೋಟೋ ಎಲ್ಲ ಅಸಲಿಯದ್ದೇ. ರೇಟಿಂಗ್ ಚೆನ್ನಾಗಿತ್ತು. ‘ಹೊಸದು, ಸೀಲ್ ಆಗಿದೆ’ ಅಂತ ಸ್ಪಷ್ಟವಾಗಿ ಬರೆದಿತ್ತು. ಬಂದ ಡಬ್ಬಿಯ ಬಣ್ಣವೂ ಆಕಾರವೂ ಸರಿಸುಮಾರು ಹಾಗೇ ಇತ್ತು, ಆದರೆ ಒಳಗಿದ್ದದ್ದು ಹಳದಿ, ಕೆಂಪು ಪಿನ್ನಿನ ಹಳೇ ಎವಿ ವೈರ್. ಅಸಲಿಯಲ್ಲಿ ಎಚ್‌ಡಿಎಂಐ ಒಂದೇ ಇರೋದು. ಟಿವಿಗೆ ಹಾಕಿದರೆ 620 ಆಟದ ಪಟ್ಟಿ ಬಂತು. 620 ಅನ್ನುವುದು ಬರೀ ಹೆಸರಿಗೆ, ಒಂದೇ ಆಟ ಬೇರೆ ಬೇರೆ ಹೆಸರಲ್ಲಿ ಮತ್ತೆ ಮತ್ತೆ ಬರುತ್ತದೆ. ಮಾರಿಯೋನ ಸಂಗೀತ ಶ್ರುತಿ ತಪ್ಪಿ ಕೀರಲು ದನಿಯಲ್ಲಿ ಬರುತ್ತಿತ್ತು, ಬಟನ್ ಒತ್ತಿದರೆ ಒಂದು ಕ್ಷಣ ಬಿಟ್ಟು ಹಾರುತ್ತಿದ್ದ. ಆಟವನ್ನು ಅರ್ಧದಲ್ಲಿ ಸೇವ್ ಮಾಡುವ ಸೌಕರ್ಯವೇ ಇಲ್ಲ. ನಿಜವಾದದ್ದರಲ್ಲಿ ಒಂದೊಂದು ಆಟಕ್ಕೂ ನಾಲ್ಕು ಕಡೆ ಸೇವ್ ಮಾಡಿ ಇಟ್ಟುಕೊಳ್ಳಬಹುದು.

ನಮ್ಮವರು ಗಮನಿಸಬೇಕಾದ ಗುರುತು ಇನ್ನೊಂದಿದೆ. ನಾವು ಚಿಕ್ಕವರಿದ್ದಾಗ ಆಡಿದ್ದು ಹೆಚ್ಚಾಗಿ ಕ್ಯಾಸೆಟ್ ಹಾಕುವ ನಕಲಿ ಟಿವಿ ಗೇಮ್‌ಗಳಲ್ಲೇ ಅಲ್ವಾ, ಆದ್ದರಿಂದ ಎಲ್ಲರೂ ಮೊದಲು ಕೇಳುವುದು ‘ಕಾಂಟ್ರಾ ಇದೆಯಾ?’ ಅಂತ. ಅಸಲಿ ಎನ್‌ಇಎಸ್ ಕ್ಲಾಸಿಕ್‌ನ 30 ಆಟಗಳಲ್ಲಿ ಕಾಂಟ್ರಾ ಇಲ್ಲ! ಅದರ ಮುಂದಿನ ಭಾಗ ಸೂಪರ್ ಸಿ ಮಾತ್ರ ಇದೆ. ‘ಹೊಸದು, ಸೀಲ್ ಇದೆ, ಕಾಂಟ್ರಾನೂ ಇದೆ’ ಅಂತ ಯಾರಾದರೂ ಹೇಳಿದರೆ ಮಾತು ಅಲ್ಲಿಗೇ ಮುಗಿಸಿ.

ಮಾರಿದವನಿಗೆ ಬರೆದೆ. ಲಿಸ್ಟಿಂಗ್‌ನ ಕೊನೆಯಲ್ಲಿ ‘ಕ್ಲಾಸಿಕ್ ಮಾದರಿಯ’ ಅಂತ ಇದೆಯಲ್ಲ, ಓದಿಲ್ವಾ ಅಂದ. ನಾನು ಕೊಂಡಾಗ ಆ ಮಾತು ಅಲ್ಲಿರಲಿಲ್ಲ, ನನ್ನ ಹತ್ತಿರ ಸ್ಕ್ರೀನ್‌ಶಾಟ್ ಇತ್ತು. ಅದನ್ನು ಕಳಿಸಿದ ಮೇಲೆ ವರಸೆ ಬದಲಾಯಿತು. ವಾಪಸ್ ಕಳಿಸಿ, ಆದರೆ ಚೀನಾಕ್ಕೆ, ನಿಮ್ಮ ಖರ್ಚಿನಲ್ಲಿ ಅಂತ. ಅದಾದ ಮೇಲೆ ಆ ಖಾತೆಯೇ ಮಾಯ. ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟಿದ್ದರಿಂದ ಬ್ಯಾಂಕಿಗೆ ದೂರು ಕೊಟ್ಟು, ಫೋಟೋ, ಪತ್ರ, ಮತ್ತೆ ಪತ್ರ ಅಂತ ತಿಂಗಳುಗಟ್ಟಲೆ ಓಡಾಡಿ ದುಡ್ಡು ಬಿಡಿಸಿಕೊಂಡೆ. ಅಷ್ಟೊತ್ತಿಗೆ ಅಣ್ಣನ ಹುಟ್ಟುಹಬ್ಬ ಯಾವಾಗಲೋ ಮುಗಿದಿತ್ತು. ನನಗೆ ಈಗಲೂ ಸಿಟ್ಟು ಬರುವುದು ದುಡ್ಡಿಗಲ್ಲ. ಜನ ಆಸೆಯಿಂದ ಹುಡುಕುವ ಒಂದು ವಸ್ತುವನ್ನೇ ಆರಿಸಿ, ಅದರ ಹೆಸರಲ್ಲೇ ಸುಲಿಯುತ್ತಾರಲ್ಲ, ಅದಕ್ಕೆ.

ಇನ್ನೂ ಹೊಟ್ಟೆ ಉರಿಸುವ ವಿಷಯ ಅಂದರೆ, 2018ರ ಜೂನ್ ಕೊನೆಯಲ್ಲಿ ಅದೇ ಕನ್ಸೋಲ್ ಅದೇ 60 ಡಾಲರ್‌ಗೆ ಮತ್ತೆ ಅಂಗಡಿಗೆ ಬಂತು. ಅದಕ್ಕೂ ಮುಂಚೆ 2017ರ ಸೆಪ್ಟೆಂಬರ್‌ನಲ್ಲಿ ಎಸ್‌ಎನ್‌ಇಎಸ್ ಕ್ಲಾಸಿಕ್ ಬಂದಾಗ ನಿಂಟೆಂಡೊ ಅಮೆರಿಕದ ಮುಖ್ಯಸ್ಥರಾಗಿದ್ದ ರೆಜಿ ಫಿಸ್-ಎಮೆ ಅವರೇ, 80 ಡಾಲರ್‌ಗಿಂತ ಜಾಸ್ತಿ ಕೊಡಬೇಡಿ, ಹರಾಜಿನ ಸೈಟ್‌ಗಳಿಗೆ ಹೋಗಬೇಡಿ ಅಂತ ಹೇಳಿದ್ದರು. ಮೂರು ಪಟ್ಟು ಕೊಟ್ಟು ಕೊಂಡವರಿಗೆಲ್ಲ ಹೇಗಾಗಿರಬೇಡ! ಆದರೆ 2018ರ ಕೊನೆಯಲ್ಲಿ, ಈ ಸ್ಟಾಕ್ ಮುಗಿದರೆ ಮುಗೀತು ಅಂತ ಅವರೇ ಹೇಳಿದರು. ಹಾಗಾಗಿ ಇವತ್ತು ಯಾರಾದರೂ ‘ಕಂಪನಿಯಿಂದ ಹೊಸ ಲಾಟ್ ಬಂದಿದೆ’ ಅಂದರೆ ನಂಬಬೇಡಿ.

ಇಷ್ಟಾದರೂ ಅದೇ ಬೇಕು ಅನ್ನುವವರು ಇದ್ದೀರಿ, ಗೊತ್ತು. ತಪ್ಪೇನಿಲ್ಲ, ಚಂದದ ವಸ್ತು ಅದು. ಹಾಗಿದ್ದರೆ ಸೀಲ್ ಒಡೆಯದ್ದನ್ನು ಹುಡುಕಬೇಡಿ, ಬಳಸಿದ್ದನ್ನೇ ಕೊಳ್ಳಿ. ಸೀಲ್ ಇರುವ ಡಬ್ಬಿಯ ಒಳಗೆ ಏನಿದೆ ಅಂತ ಮಾರುವವನು ತೋರಿಸಲ್ಲ, ನೀವೂ ನೋಡೋಕಾಗಲ್ಲ. ಬಳಸಿದ್ದಾದರೆ ಟಿವಿಗೆ ಹಾಕಿ, ಆಟದ ಪಟ್ಟಿ ಪೂರ್ತಿ ಸರಿಸಿ, ಒಂದು ಆಟ ಆಡಿ, ಸೇವ್ ಮಾಡಿ, ಕನ್ಸೋಲ್‌ನ ತಳಭಾಗವನ್ನೂ ಕಂಟ್ರೋಲರ್ ಪಿನ್ನನ್ನೂ ಹತ್ತಿರದಿಂದ ತೋರಿಸುವ ವಿಡಿಯೋ ಕೇಳಿ. ವಿಡಿಯೋದಲ್ಲಿ ಒಂದು ಚೀಟಿಯ ಮೇಲೆ ನಿಮ್ಮ ಹೆಸರು ಬರೆದು ಇಡಲು ಹೇಳಿ, ಇಲ್ಲದಿದ್ದರೆ ಬೇರೆಯವರ ವಿಡಿಯೋ ಕಳಿಸುತ್ತಾರೆ. ಎಚ್‌ಡಿಎಂಐ ಇರುವ ನಕಲಿಗಳೂ ಬಂದಿವೆ, ಹಾಗಾಗಿ ಬರೀ ತೂತು ನೋಡಿ ನಂಬಬೇಡಿ. ಎನ್‌ಇಎಸ್ ಕ್ಲಾಸಿಕ್‌ನ ಕಂಟ್ರೋಲರ್ ವೈರ್ ಎರಡೂವರೆ ಅಡಿ ಮಾತ್ರ, ಅದು ಅಸಲಿಯದೇ ಕೊರತೆ, ನಕಲಿಯ ಲಕ್ಷಣ ಅಲ್ಲ. ನೆಂಟರು ತರುವುದಾದರೆ ಅವರ ಮನೆಯಲ್ಲೇ ಒಮ್ಮೆ ಹಾಕಿ ನೋಡಲು ಹೇಳಿ, ಇಲ್ಲಿಗೆ ಬಂದ ಮೇಲೆ ಗೊತ್ತಾದರೆ ವಾಪಸ್ ಕೊಡುವುದು ಕನಸು. ಅಲ್ಲಿನ ಅಡಾಪ್ಟರ್ ತರುವ ಅಗತ್ಯವೂ ಇಲ್ಲ, ನಮ್ಮ ಸಾಮಾನ್ಯ 5 ವೋಲ್ಟ್ ಮೊಬೈಲ್ ಚಾರ್ಜರ್ ಸಾಕು.

ನನ್ನನ್ನು ಕೇಳಿದರೆ, ನಿಮಗೆ ಬೇಕಿರುವುದು ಆಟ ಆದರೆ ಈ ಡಬ್ಬಿ ಬೇಡವೇ ಬೇಡ. ಅದರೊಳಗೆ ಇರುವುದು ಅಗ್ಗದ ಟ್ಯಾಬ್ಲೆಟ್‌ಗಳಲ್ಲಿ ಬರುವಂಥ ಚಿಪ್, ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್, ಮತ್ತೆ ಒಂದು ಎಮ್ಯುಲೇಟರ್, ಅಂದರೆ ಹಳೇ ಕನ್ಸೋಲ್‌ನ ಆಟಗಳನ್ನು ಬೇರೆ ಯಂತ್ರದಲ್ಲಿ ಓಡಿಸುವ ಸಾಫ್ಟ್‌ವೇರ್. ಸೋನಿಯ ಪ್ಲೇಸ್ಟೇಷನ್ ಕ್ಲಾಸಿಕ್‌ನಲ್ಲಂತೂ ಇದ್ದದ್ದು ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದಾದ ಪಿಸಿಎಸ್‌ಎಕ್ಸ್ ರೀಆರ್ಮ್ಡ್ ಅನ್ನುವ ಎಮ್ಯುಲೇಟರ್. ಅದು 2018ರ ಡಿಸೆಂಬರ್‌ನಲ್ಲಿ 100 ಡಾಲರ್‌ಗೆ ಬಂದು ಕೆಲವೇ ವಾರಗಳಲ್ಲಿ 60ಕ್ಕೆ ಇಳಿಯಿತು. ಮೊದಲ ದಿನವೇ ಮುಗಿಬಿದ್ದು ಕೊಂಡವರಿಗೆ ಸುಮ್ನೆ ನಷ್ಟ.

ಕಾಂಟ್ರಾನೇ ಬೇಕಾ? ಅದನ್ನು ಮಾಡಿದ ಕಂಪನಿ ಕೊನಾಮಿ 2019ರಲ್ಲಿ ಬಿಟ್ಟ ಕಾಂಟ್ರಾ ಆ್ಯನಿವರ್ಸರಿ ಕಲೆಕ್ಷನ್ ಕಂಪ್ಯೂಟರ್‌ನಲ್ಲಿ, ಪಿಎಸ್4ನಲ್ಲಿ ಸಿಗುತ್ತದೆ. ಮೂಲ ಕಾಂಟ್ರಾ ಸಮೇತ ಒಟ್ಟಿಗೆ ಎಲ್ಲ ಇದೆ, ನಕಲಿಯ ಭಯ ಇಲ್ಲ. ಮನೆಯಲ್ಲಿ ನಿಂಟೆಂಡೊ ಸ್ವಿಚ್ ಇದ್ದವರಿಗೆ ಅದರ ಆನ್‌ಲೈನ್ ಚಂದಾದಲ್ಲೇ ಹಳೇ ಮಾರಿಯೋ ಆಟಗಳು ಬರುತ್ತವೆ. ಸ್ವಲ್ಪ ಕೈಕೆಲಸ ಇಷ್ಟ ಇದ್ದರೆ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್‌ಗೆ ರೆಟ್ರೊಪೈ ಅನ್ನುವ ಎಮ್ಯುಲೇಟರ್ ಸಾಫ್ಟ್‌ವೇರ್ ಹಾಕಿಕೊಳ್ಳಿ. ಹಳೇ ಲ್ಯಾಪ್‌ಟಾಪ್ ಅಥವಾ ಫೋನಿಗೆ ಅಂಥದ್ದೇ ರೆಟ್ರೊಆರ್ಚ್ ಸಾಕು, ಜೊತೆಗೆ ಒಂದು ಒಳ್ಳೇ ಕಂಟ್ರೋಲರ್. ಟಿವಿಯಲ್ಲಿ ಆಡುವಾಗ ಅದರ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಹಾಕುವುದನ್ನು ಮರೆಯಬೇಡಿ, ಬಟನ್ ಒತ್ತಿದ್ದು ತಡವಾಗುವುದು ಅರ್ಧಕ್ಕರ್ಧ ಟಿವಿಯಿಂದಲೇ. ಎಮ್ಯುಲೇಟರ್ ಬಳಸುವುದರಲ್ಲಿ ತಪ್ಪಿಲ್ಲ, ಆದರೆ ಆಟದ ಫೈಲ್‌ಗಳಿಗೆ ಹಕ್ಕುದಾರರು ಇದ್ದಾರೆ. ‘ಹತ್ತು ಸಾವಿರ ಆಟ ತುಂಬಿದ ಮೆಮೊರಿ ಕಾರ್ಡ್’ ಮಾರುವವರಿಂದ ದೂರ ಇರಿ, ನನಗೆ 620 ಆಟದ ಡಬ್ಬಿ ಮಾರಿದವನ ದಂಧೆಯೂ ಅದೇ. ಈಗಲೂ ಮೂಲ ಎನ್‌ಇಎಸ್ ಕನ್ಸೋಲ್‌ಗೆ ಹೊಸ ಆಟ ಬರೆಯುವವರಿದ್ದಾರೆ, 2019ರಲ್ಲಿ ಬಂದ ಮೈಕ್ರೊ ಮೇಜಸ್ ಎಷ್ಟು ಚೆನ್ನಾಗಿದೆ ಅಂದರೆ ನಾನೂ ಅಣ್ಣನೂ ಮಾರಿಯೋಗಿಂತ ಜಾಸ್ತಿ ಅದನ್ನೇ ಆಡಿದ್ದೇವೆ.

ಈಗಾಗಲೇ ಸಿಕ್ಕಿಹಾಕಿಕೊಂಡಿದ್ದರೆ ಡಬ್ಬಿ, ಪಾರ್ಸೆಲ್ ಚೀಟಿ, ಚಾಟ್ ಯಾವುದನ್ನೂ ಬಿಸಾಡಬೇಡಿ. ಕಾರ್ಡಿನಲ್ಲಿ ಕೊಟ್ಟಿದ್ದರೆ ಬ್ಯಾಂಕಿಗೆ ಇವತ್ತೇ ಲಿಖಿತ ದೂರು ಕೊಡಿ. ಊರಲ್ಲಿ ಕುಳಿತು ಯುಪಿಐನಲ್ಲಿ ಅಡ್ವಾನ್ಸ್ ಕಳಿಸಿ, ಆ ಕಡೆಯವನು ನಿಮ್ಮನ್ನು ಬ್ಲಾಕ್ ಮಾಡಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ದುಡ್ಡು ಅವನ ಖಾತೆಯಿಂದ ಮುಂದಕ್ಕೆ ಹೋಗುವ ಮುಂಚೆ ತಡೆಯುವ ಅವಕಾಶ ಇರುವುದು ಮೊದಲ ಕೆಲವು ಗಂಟೆಗಳಲ್ಲೇ. ‘ರೀಫಂಡ್‌ಗೆ ಈ ಕ್ಯೂಆರ್ ಸ್ಕ್ಯಾನ್ ಮಾಡಿ’ ಅಂತ ಮತ್ತೆ ಮೆಸೇಜ್ ಬಂದರೆ ಮುಟ್ಟಬೇಡಿ, ದುಡ್ಡು ಬರಲು ಸ್ಕ್ಯಾನೂ ಬೇಕಿಲ್ಲ, ಪಿನ್ನೂ ಬೇಕಿಲ್ಲ.