ಬಾಡಿಗೆಗೆ ಸಿಗುವ ಗಣಕ ಮತ ಎಣಿಕೆ: ತುಮಕೂರಿನ ಒಂದು ಚುನಾವಣೆಯಲ್ಲಿ ಕಂಡದ್ದು

ಸಂಘ ಸಂಸ್ಥೆಗಳ ಚುನಾವಣೆಯಲ್ಲಿ ಮತಪತ್ರಗಳನ್ನು ಸ್ಕ್ಯಾನ್ ಮಾಡಿ, ಗಣಕಯಂತ್ರದಲ್ಲಿ ಎಣಿಸಿ, ಫಲಿತಾಂಶದ ಹಾಳೆಯನ್ನು ಮುದ್ರಿಸಿ ಕೊಡುವ ಸೇವೆ ಈಗ ಬೆಂಗಳೂರಿನಿಂದ ತುಮಕೂರಿಗೂ ಬಂದಿದೆ. ಮಂಡಿಪೇಟೆಯ ವರ್ತಕರ ಸಂಘವೊಂದು ತನ್ನ ಪದಾಧಿಕಾರಿಗಳ ಚುನಾವಣೆಗೆ ಇಂಥದೊಂದು ಸಂಸ್ಥೆಯನ್ನು ಕರೆಸಿತ್ತು. ಅಭ್ಯರ್ಥಿಯೊಬ್ಬರ ಎಣಿಕೆ ಏಜೆಂಟನಾಗಿ ಕೊಠಡಿಯಲ್ಲಿ ಆರಂಭದಿಂದ ಕೊನೆಯವರೆಗೆ ಕುಳಿತು ನೋಡಿದ್ದರ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ನನ್ನ ಆಕ್ಷೇಪ ಈ ಬಗೆಯ ಸೇವೆಗೇ ಸಂಬಂಧಿಸಿದ್ದಾದ್ದರಿಂದ ಸಂಸ್ಥೆಯ ಹೆಸರು ಇಲ್ಲಿ ಅಗತ್ಯವಿಲ್ಲ.

ಮೆಚ್ಚಬೇಕಾದದ್ದನ್ನು ಮೊದಲು ಹೇಳಿಬಿಡುತ್ತೇನೆ. ಸಿಬ್ಬಂದಿ ಹೇಳಿದ ಹೊತ್ತಿಗೆ ಬಂದರು, ಮರ್ಯಾದೆಯಿಂದ ನಡೆದುಕೊಂಡರು, ಮತಪತ್ರಗಳನ್ನು ಅಚ್ಚುಕಟ್ಟಾಗಿ ಮುದ್ರಿಸಿ ತಂದಿದ್ದರು. ಹಿಂದೆ ನಡುರಾತ್ರಿಯವರೆಗೂ ಎಳೆಯುತ್ತಿದ್ದ ಎಣಿಕೆ ಈ ಬಾರಿ ಏಜೆಂಟರಿಗೆ ಕಾಫಿ ಕೊಟ್ಟು ಮುಗಿಸುವಷ್ಟರಲ್ಲಿ ಮುಗಿದಿತ್ತು. ವೇಗವೊಂದೇ ಮಾನದಂಡವಾಗಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ.

ತೊಡಕು ಶುರುವಾದದ್ದು ಖಜಾಂಚಿ ಸ್ಥಾನದ ಫಲಿತಾಂಶದಲ್ಲಿ. ಅಂತರ ತೀರಾ ಕಡಿಮೆಯಿದ್ದುದರಿಂದ ಸೋತವರು ಮರುಎಣಿಕೆ ಕೇಳಿದರು. ಸಿಬ್ಬಂದಿ ಅದೇ ಮತಪತ್ರಗಳ ಕಟ್ಟನ್ನು ಮತ್ತೆ ಅದೇ ಯಂತ್ರಕ್ಕೆ ಕೊಟ್ಟರು. ಗೆದ್ದವರು ಬದಲಾಗಲಿಲ್ಲವಾದರೂ ತಿರಸ್ಕೃತ ಮತಗಳ ಸಂಖ್ಯೆ ಮೊದಲಿನಂತೆ ಬರಲಿಲ್ಲ. ಯಾವ ಮತಪತ್ರ ಮೊದಲು ಸಿಂಧುವಾಗಿದ್ದು ಈಗ ಅಸಿಂಧುವಾಯಿತು, ಗುರುತು ಎಷ್ಟು ಗಾಢವಾಗಿದ್ದರೆ ಯಂತ್ರ ಅದನ್ನು ಮತವೆಂದು ಒಪ್ಪುತ್ತದೆ, ಆ ಮಿತಿಯನ್ನು ನಿಗದಿ ಮಾಡಿದವರು ಯಾರು ಎಂಬ ಪ್ರಶ್ನೆಗಳಿಗೆ ಅಲ್ಲಿದ್ದ ಹುಡುಗರು 'ಸಾಫ್ಟ್‌ವೇರ್ ಹಾಗೆ ತಗೊಳ್ಳುತ್ತೆ ಸಾರ್' ಎಂದಷ್ಟೇ ಹೇಳಿದರು. ಅವರು ಏನನ್ನೂ ಮುಚ್ಚಿಡುತ್ತಿರಲಿಲ್ಲ; ಅವರಿಗೂ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಮತ ಎಣಿಸುವ ಕೊಠಡಿಯಲ್ಲಿದ್ದ ಯಾರೊಬ್ಬರಿಗೂ ಮತ ಹೇಗೆ ಎಣಿಕೆಯಾಯಿತೆಂದು ತಿಳಿಯದೆ ಹೋದದ್ದೇ ಈ ಸೇವೆಯ ಮುಖ್ಯ ದೋಷ.

ಯಂತ್ರದಿಂದ ಎಣಿಸಲೇಬೇಕೆಂದಿದ್ದರೆ ಯಾಂತ್ರಿಕ ಮತಯಂತ್ರವೇ ಮೇಲು ಎಂಬ ನನ್ನ ಅಭಿಪ್ರಾಯ ಇದರಿಂದ ಗಟ್ಟಿಯಾಯಿತು. 1892ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಲಾಕ್‌ಪೋರ್ಟ್ ಪಟ್ಟಣದಲ್ಲಿ ಮೊದಲು ಬಳಕೆಗೆ ಬಂದ ಜೇಕಬ್ ಮೈಯರ್ಸ್ ಅವರ ಯಂತ್ರದಿಂದ ಬೆಳೆದ ಸನ್ನೆಯ (ಲಿವರ್) ಮತಯಂತ್ರಗಳು ಆ ದೇಶದಲ್ಲಿ ಬಹುಕಾಲ ಉಳಿದವು. ಮತದಾರ ದೊಡ್ಡ ಹಿಡಿಯನ್ನು ಎಳೆದರೆ ಪರದೆ ಮುಚ್ಚಿಕೊಳ್ಳುತ್ತಿತ್ತು. ತನ್ನ ಅಭ್ಯರ್ಥಿಯ ಹೆಸರಿನ ಬಳಿಯ ಸಣ್ಣ ಸನ್ನೆಯನ್ನು ಕೆಳಗಿಳಿಸಿ, ಮನಸ್ಸು ಬದಲಾದರೆ ಅದನ್ನು ಮೇಲೆತ್ತಿ ಬೇರೊಂದನ್ನು ಇಳಿಸಬಹುದಿತ್ತು. ಒಂದೇ ಸ್ಥಾನಕ್ಕೆ ಇಬ್ಬರನ್ನು ಆರಿಸಲು ಹೋದರೆ ಒಳಗಿನ ತಡೆಗಳು ಎರಡನೆಯ ಸನ್ನೆಯನ್ನು ಅಲುಗಾಡಲು ಬಿಡುತ್ತಿರಲಿಲ್ಲ. ಪರದೆ ತೆರೆಯಲೆಂದು ಹಿಡಿಯನ್ನು ಹಿಂದಕ್ಕೆ ಎಳೆದಾಗ ಆಯಾ ಅಭ್ಯರ್ಥಿಯ ಎಣಿಕೆಚಕ್ರ, ಹಳೆಯ ಸ್ಕೂಟರಿನ ಕಿಲೋಮೀಟರ್ ಚಕ್ರದಂತೆ, ಒಂದು ಅಂಕಿ ಮುಂದಕ್ಕೆ ಹೋಗುತ್ತಿತ್ತು. ಅಸಿಂಧು ಮತವೆಂಬ ರಗಳೆಗೆ ಅಲ್ಲಿ ಹೆಚ್ಚು ಜಾಗವಿರಲಿಲ್ಲ. ಮತದಾನ ಮುಗಿದ ಮೇಲೆ ಯಂತ್ರದ ಹಿಂಬದಿ ತೆರೆದು, ಎಲ್ಲ ಪಕ್ಷದವರ ಮುಂದೆ ಅಂಕಿಗಳನ್ನು ಗಟ್ಟಿಯಾಗಿ ಓದಿ ಬರೆದುಕೊಂಡರೆ ಎಣಿಕೆಯೂ ಮುಗಿಯಿತು. ಮೋಸ ಮಾಡಬೇಕೆಂದವನು ಒಂದೊಂದು ಯಂತ್ರವನ್ನೂ ಪ್ರತ್ಯೇಕವಾಗಿ ಬಿಚ್ಚಬೇಕಿತ್ತು. ತಂತ್ರಾಂಶದಲ್ಲಿ ಒಂದೆಡೆ ಮಾಡಿದ ಬದಲಾವಣೆ ಅದನ್ನು ಬಳಸುವ ಎಲ್ಲ ಯಂತ್ರಗಳಿಗೂ ಹರಡಬಲ್ಲದು.

ಈ ಯಂತ್ರಗಳೇನೂ ದೋಷಮುಕ್ತವಾಗಿರಲಿಲ್ಲ. ಅವು ಭಾರಿ ತೂಕದವು, ಸಾಗಿಸಲು ಕಷ್ಟ, ಬಿಡಿಭಾಗಗಳು ಬರಬರುತ್ತಾ ದುರ್ಲಭವಾದವು. ಅದಕ್ಕಿಂತ ಗಂಭೀರವಾದ ಕೊರತೆಯೆಂದರೆ ಪ್ರತ್ಯೇಕ ಮತಗಳ ದಾಖಲೆಯೇ ಉಳಿಯುತ್ತಿರಲಿಲ್ಲ; ಒಂದು ಹಲ್ಲು ಸವೆದು ಚಕ್ರ ನಿಂತುಹೋಗಿದ್ದರೆ ಕಳೆದುಹೋದ ಮತಗಳನ್ನು ಮರಳಿ ಪಡೆಯುವ ದಾರಿಯಿರಲಿಲ್ಲ, ಮರುಎಣಿಕೆಯೆಂದರೆ ಅದೇ ಅಂಕಿಗಳನ್ನು ಮತ್ತೊಮ್ಮೆ ಓದುವುದಷ್ಟೇ. 2000ದ ಅಮೆರಿಕ ಅಧ್ಯಕ್ಷೀಯ ಚುನಾವಣೆಯಲ್ಲಿ ಫ್ಲೋರಿಡಾ ರಾಜ್ಯದ ಮತ ಎಣಿಕೆಯ ಗೊಂದಲದಲ್ಲಿ ತಪ್ಪು ಕಂಡದ್ದು ರಂಧ್ರ ಕೊರೆಯುವ ಕಾರ್ಡುಗಳಲ್ಲಾದರೂ, 2002ರ ಅಮೆರಿಕದ ಕಾನೂನು ಅವುಗಳ ಜೊತೆಗೆ ಸನ್ನೆಯ ಯಂತ್ರಗಳನ್ನೂ ಬದಲಿಸಲು ಹಣ ಕೊಟ್ಟಿತು. ನ್ಯೂಯಾರ್ಕ್ ರಾಜ್ಯ ಕೊನೆಗೆ ಅವನ್ನು ಬಿಟ್ಟು ಸ್ಕ್ಯಾನರುಗಳಿಗೆ ಹೋಯಿತು. ಹಾಗೆ ಹೋದ ನ್ಯೂಯಾರ್ಕ್ ನಗರವೇ 2013ರಲ್ಲಿ ಮೇಯರ್ ಸ್ಥಾನಕ್ಕೆ ಪಕ್ಷಗಳ ಅಭ್ಯರ್ಥಿಗಳನ್ನು ಆರಿಸುವ ಪ್ರಾಥಮಿಕ ಚುನಾವಣೆಗೆ ಹಳೆಯ ಯಂತ್ರಗಳನ್ನು ಗೋದಾಮಿನಿಂದ ಹೊರತೆಗೆಯಿತು ಎಂಬುದನ್ನೂ ಮರೆಯಬಾರದು.

ಇಲ್ಲಿ ಒಂದು ವ್ಯತ್ಯಾಸವನ್ನು ಸ್ಪಷ್ಟಪಡಿಸಬೇಕು. ಸರ್ಕಾರಿ ಸಂಸ್ಥೆಗಳಾದ ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ತಯಾರಿಸುವ ಇವಿಎಂಗಳನ್ನು ಈ ಬಾಡಿಗೆ ಲ್ಯಾಪ್‌ಟಾಪಿನ ಸಾಲಿಗೆ ಸೇರಿಸಲಾಗದು. ಅವು ಯಾವ ಜಾಲಕ್ಕೂ ಸೇರದ ಯಂತ್ರಗಳು. ಅವಕ್ಕೂ ಸಹ ಕಾಗದದ ಸಾಕ್ಷಿ ಬೇಕೆನಿಸಿ 2013ರಲ್ಲಿ, ಹಾಕಿದ ಮತವನ್ನು ಚೀಟಿಯಲ್ಲಿ ಮುದ್ರಿಸಿ ತೋರಿಸುವ ವಿವಿಪ್ಯಾಟ್ ಬಂತು, 2019ರಿಂದ ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಐದು ಮತಗಟ್ಟೆಗಳ ಚೀಟಿಗಳನ್ನು ಎಣಿಸಿ ತಾಳೆ ನೋಡಲಾಗುತ್ತಿದೆ. ಚೀಟಿಗಳನ್ನೆಲ್ಲ ಎಣಿಸಬೇಕೆಂಬ ಬೇಡಿಕೆಯನ್ನು ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ತಳ್ಳಿಹಾಕಿತು. ಇದಕ್ಕೆ ಎದುರಾಗಿ ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ 2009ರ ಮಾರ್ಚ್ 3ರಂದು, ಎಣಿಕೆಯ ಮುಖ್ಯ ಹಂತಗಳನ್ನು ವಿಶೇಷ ತಾಂತ್ರಿಕ ಜ್ಞಾನವಿಲ್ಲದ ನಾಗರಿಕನೂ ಪರಿಶೀಲಿಸುವಂತಿರಬೇಕು ಎಂದು ಹೇಳಿ, ಅಲ್ಲಿ ಬಳಸಿದ್ದ ಗಣಕೀಕೃತ ಮತಯಂತ್ರಗಳನ್ನು ಅಸಾಂವಿಧಾನಿಕವೆಂದು ಸಾರಿತು. ನನಗೆ ಒಪ್ಪಿಗೆಯಾಗುವ ಅಳತೆಗೋಲು ಇದೇ; ಇದರಿಂದ ಅಳೆದರೆ ನಮ್ಮ ಸಂಘಕ್ಕೆ ಬಂದ ಸೇವೆ ಉತ್ತೀರ್ಣವಾಗುವುದಿಲ್ಲ.

ಒಂದು ವರ್ತಕರ ಸಂಘದ ಚುನಾವಣೆಗೆ ಇಷ್ಟೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರದ ಶಾಸಕರನ್ನು ಆರಿಸಿದ ಅಂತರ ಒಂದು ಮತ. ಕೋಲಾರ ಜಿಲ್ಲೆಯ ಮಾಲೂರಿನಲ್ಲಿ 2023ರ ಅಂತರ 248 ಮತಗಳಾಗಿದ್ದು, ಮರುಎಣಿಕೆಯ ವ್ಯಾಜ್ಯ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟಿಗೂ ಹೋಯಿತು. ಲಕ್ಷಾಂತರ ಮತದಾರರಿರುವಲ್ಲೇ ಹೀಗಾದರೆ, ನೂರರ ಲೆಕ್ಕದಲ್ಲಿ ಸದಸ್ಯರಿರುವ ಸಂಘದಲ್ಲಿ ತಿರಸ್ಕೃತ ಮತಗಳ ಸಂಖ್ಯೆ ಏರಿಳಿಯುವುದು ಸಣ್ಣ ವಿಷಯವಲ್ಲ. ದಿನವೂ ಎದುರುಬದುರು ಅಂಗಡಿ ತೆರೆಯುವವರ ನಡುವೆ ಅನುಮಾನ ಉಳಿದರೆ ಅದು ಮುಂದಿನ ಚುನಾವಣೆಯವರೆಗೂ ಹೋಗುತ್ತದೆ.

ಸನ್ನೆಯ ಯಂತ್ರ ಇಂದು ಕೊಳ್ಳಲು ಸಿಗುವುದಿಲ್ಲ. ಅದರ ಸಾರವನ್ನು ಉಳಿಸಿಕೊಂಡು, ಅದಕ್ಕಿಲ್ಲದ ಕಾಗದದ ದಾಖಲೆಯನ್ನೂ ಸೇರಿಸುವ ವ್ಯವಸ್ಥೆಯೊಂದನ್ನು ಸಂಘದ ಸದಸ್ಯರೊಬ್ಬರು ಸೂಚಿಸಿದರು. ಅವರು ಇದೇ ಊರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ದುಡಿದವರಾದ್ದರಿಂದ ಹಲ್ಲುಚಕ್ರಗಳ ಮೇಲೆ ಅವರಿಗೆ ಇರುವ ನಂಬಿಕೆ ಸಹಜ. ಪ್ರತಿ ಅಭ್ಯರ್ಥಿಗೆ ಒಂದರಂತೆ, ಹೆಬ್ಬೆರಳಿನಿಂದ ಒತ್ತುವ ಸಣ್ಣ ಯಾಂತ್ರಿಕ ಎಣಿಕೆಯಂತ್ರವನ್ನು ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಡುವುದು; ಚುನಾವಣಾಧಿಕಾರಿ ಒಂದೊಂದೇ ಮತಪತ್ರವನ್ನು ಏಜೆಂಟರಿಗೆ ತೋರಿಸಿ ಓದುವುದು; ಓದಿದಂತೆ ಒತ್ತುವುದು; ಐವತ್ತು ಮತಪತ್ರಗಳಿಗೊಮ್ಮೆ ಅಂಕಿಗಳ ಮೊತ್ತವನ್ನೂ ಕಟ್ಟಿನಲ್ಲಿರುವ ಪತ್ರಗಳನ್ನೂ ತಾಳೆ ನೋಡುವುದು. ಇಂಥ ಎಣಿಕೆಯಂತ್ರಗಳು ಕೆಲವು ನೂರು ರೂಪಾಯಿಗೆ ಸಿಗುತ್ತವೆ.

ಐದರಲ್ಲಿ ಎರಡು ಅಂಕ ಕೊಡುತ್ತೇನೆ. ಎರಡೂ ಸಮಯಪಾಲನೆಗೆ ಮತ್ತು ಸೌಜನ್ಯಕ್ಕೆ. ಆದರೂ ಈ ಸೇವೆಯನ್ನೇ ಪಡೆಯಬೇಕೆನ್ನುವ ಸಂಘಗಳು ಮುಂಗಡ ಕೊಡುವ ಮೊದಲು ಕರಾರಿನಲ್ಲಿ ಮೂರು ವಿಷಯ ಬರೆಸಿಕೊಳ್ಳಬೇಕು: ಯಂತ್ರ ತಿರಸ್ಕರಿಸಿದ ಪ್ರತಿ ಮತಪತ್ರವನ್ನು ಏಜೆಂಟರು ಕಣ್ಣಾರೆ ನೋಡಬೇಕು, ಯಾವುದಾದರೂ ಒಂದು ಕಟ್ಟನ್ನು ಚೀಟಿ ಎತ್ತಿ ಆರಿಸಿ ಕೈಯಿಂದ ಎಣಿಸಬೇಕು, ಮರುಎಣಿಕೆ ಕೇಳಿದರೆ ಅದು ಯಂತ್ರದ ಹೊರಗೆ ನಡೆಯಬೇಕು. ಕೊನೆಯದಕ್ಕೆ ಅವರು ಹೆಚ್ಚುವರಿ ಶುಲ್ಕ ಕೇಳಿದರೆ ಕೊಡಬೇಡಿ. ಆ ಕೆಲಸ ನಾವೇ ಮಾಡಬಹುದಾದದ್ದು.